ಎರಡು ಕೋಣೆಗಳ ಬದಲು ಒಂದು ಸೂಟ್: 18,000 ಪಾಯಿಂಟುಗಳನ್ನು ನಾನು ಬಳಸಿದ ಬಗೆ

ಕೆಲಸದ ನಿಮಿತ್ತ ತಿಂಗಳಿಗೆ ಒಂದೆರಡು ರಾತ್ರಿಯಾದರೂ ನಾನು ಬೆಂಗಳೂರಿನಿಂದ ಹೊರಗೆ ತಂಗಬೇಕಾಗುತ್ತದೆ. ಹೋಟೆಲಿನ ಬಾಡಿಗೆಯನ್ನು ಕಂಪನಿ ಕೊಟ್ಟರೂ, ಹೋಟೆಲಿನ ಸದಸ್ಯತ್ವ ಯೋಜನೆಯಲ್ಲಿ ಮುಂದೆ ಕೋಣೆ ಪಡೆಯಲು ಬಳಸಬಹುದಾದ ಪಾಯಿಂಟುಗಳು ತಂಗಿದವರ ಖಾತೆಗೆ ಜಮೆಯಾಗುತ್ತವೆ ಎಂಬುದು ಗೊತ್ತಾದ ಮೇಲೆ, ಆದಷ್ಟು ಮಟ್ಟಿಗೆ ಹಯಾತ್ ಸಮೂಹದ ಹೋಟೆಲುಗಳಲ್ಲಿಯೇ ಉಳಿಯತೊಡಗಿದೆ. ಅಲ್ಲಿ ಖರ್ಚು ಮಾಡಿದ ಪ್ರತಿ ಡಾಲರಿಗೆ 5 ಪಾಯಿಂಟು ಸಿಗುತ್ತಿತ್ತು. ವರ್ಷಕ್ಕೆ 10 ರಾತ್ರಿ ತಂಗಿದವರಿಗೆ ದೊರೆಯುವ ಡಿಸ್ಕವರಿಸ್ಟ್ ಶ್ರೇಣಿಯಿಂದ ಅದರ ಮೇಲೆ ಶೇಕಡಾ 10ರಷ್ಟು ಹೆಚ್ಚುವರಿ ಬರುತ್ತಿತ್ತು. ತೆರಿಗೆ ಬಿಟ್ಟು 8,000 ರೂಪಾಯಿ ಬಾಡಿಗೆಯ ಒಂದು ರಾತ್ರಿಗೆ ಅಂದಿನ ವಿನಿಮಯ ದರದಲ್ಲಿ ಹೆಚ್ಚು ಕಡಿಮೆ 525 ಪಾಯಿಂಟು ಸಿಕ್ಕಂತಾಯಿತು. ಹೀಗೆ ಎರಡು ವರ್ಷಗಳಲ್ಲಿ, ಸುಮಾರು 34 ರಾತ್ರಿಗಳಿಂದ, 18,000 ಪಾಯಿಂಟುಗಳು ಕೂಡಿಬಂದಿದ್ದವು.

ಇದಕ್ಕೂ ಮೊದಲು, ಬೇರೊಂದು ಸಮೂಹದ ಹೋಟೆಲಿನಲ್ಲಿ, ಪಾಯಿಂಟುಗಳನ್ನು ವ್ಯರ್ಥ ಮಾಡಿಕೊಂಡ ಅನುಭವ ನನಗಿತ್ತು. ಚೆಕ್‌ಇನ್ ವೇಳೆಯಲ್ಲಿ ಸ್ವಾಗತ ಮೇಜಿನವರು, ಒಂದಿಷ್ಟು ಪಾಯಿಂಟು ಕೊಟ್ಟರೆ ಕೆರೆಯ ಕಡೆ ಮುಖ ಮಾಡಿರುವ ಕೋಣೆ ಕೊಡುತ್ತೇವೆ ಎಂದಾಗ ಒಪ್ಪಿಕೊಂಡೆ. ಕೋಣೆಗೆ ಕಾಲಿಟ್ಟಾಗ ರಾತ್ರಿ ಹತ್ತು ಗಂಟೆ, ಮರುದಿನ ಬೆಳಕು ಹರಿಯುವ ಮುನ್ನವೇ ವಿಮಾನ ನಿಲ್ದಾಣಕ್ಕೆ ಹೊರಡಬೇಕಾಗಿತ್ತು. ಕೋಣೆಯ ಅಳತೆ, ಹಾಸಿಗೆ, ಬಚ್ಚಲು ಎಲ್ಲವೂ ಮೊದಲಿನಂತೆಯೇ ಇದ್ದವು. ಇನ್ನೊಮ್ಮೆ ಬೇರೆಯವರ ಜಾಲತಾಣದ ಮೂಲಕ ನಾನೂರು ರೂಪಾಯಿ ಅಗ್ಗಕ್ಕೆ ಕಾಯ್ದಿರಿಸಿದ್ದರಿಂದ ಆ ತಂಗುವಿಕೆಗೆ ಪಾಯಿಂಟೂ ಬರಲಿಲ್ಲ, ಅಪ್‌ಗ್ರೇಡಿಗೆ (ಮೇಲಿನ ದರ್ಜೆಯ ಕೋಣೆಗೆ) ಅರ್ಹತೆಯೂ ಇರಲಿಲ್ಲ. ಅಂದಿನಿಂದ ಎರಡು ವಿಷಯಗಳಲ್ಲಿ ನಾನು ಬಿಗಿಯಾಗಿದ್ದೇನೆ: ಹೋಟೆಲಿನ ಸ್ವಂತ ತಾಣದಲ್ಲಿಯೇ ಕಾಯ್ದಿರಿಸುತ್ತೇನೆ, ಕಾಯ್ದಿರಿಸುವ ದಿನವೇ ಖಚಿತವಾಗುವ ಅಪ್‌ಗ್ರೇಡಿಗೆ ಮಾತ್ರ ಪಾಯಿಂಟು ಕೊಡುತ್ತೇನೆ. ಮ್ಯಾರಿಯಟ್ ಹೋಟೆಲುಗಳ ಬಾನ್ವಾಯ್‌ನಂತಹ ಯೋಜನೆಗಳಲ್ಲಿ ವರ್ಷಕ್ಕೆ 50 ರಾತ್ರಿ ತಂಗುವ ಪ್ಲಾಟಿನಂ ಸದಸ್ಯರಿಗೆ ಸೂಟ್ ದೊರೆಯಬಹುದಾದರೂ ಅದು ಅಂದು ಕೋಣೆ ಖಾಲಿಯಿದ್ದರೆ ಮಾತ್ರ. ಒಬ್ಬನೇ ಹೋಗುವಾಗ ಸಿಕ್ಕರೆ ಸಿಗಲಿ ಎಂದುಕೊಳ್ಳಬಹುದು, ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಹಾಗೆ ನಂಬಿಕೊಂಡು ಹೊರಡಲಾಗದು.

2024ರ ಡಿಸೆಂಬರಿನಲ್ಲಿ ಬಂಧುಗಳೊಬ್ಬರ ಮದುವೆಗೆ ಅಪ್ಪ ಅಮ್ಮನೊಂದಿಗೆ ಹೈದರಾಬಾದಿಗೆ ಹೋಗಿ ಮೂರು ರಾತ್ರಿ ಇರಬೇಕಾಯಿತು. ಹಿಂದಿನ ವರ್ಷ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅಪ್ಪನಿಗೆ ರಾತ್ರಿ ಎದ್ದು ಬಚ್ಚಲಿಗೆ ಹೋಗಲು ಯಾರಾದರೂ ಕೈ ಕೊಡಬೇಕಿತ್ತು. ನನಗೋ ರಾತ್ರಿ ಹನ್ನೆರಡರವರೆಗೆ ಕಚೇರಿಯ ಕರೆಗಳಿದ್ದವು. ಒಂದೇ ಕೋಣೆಯಲ್ಲಿದ್ದರೆ ಅವರ ನಿದ್ದೆ ಕೆಡುತ್ತದೆ, ಎರಡು ಕೋಣೆ ಮಾಡಿದರೆ ಅಪ್ಪ ಎದ್ದದ್ದು ನನಗೆ ತಿಳಿಯುವುದಿಲ್ಲ. ನಡುವೆ ಬಾಗಿಲಿರುವ, ಮಲಗುವ ಕೋಣೆಯೂ ಹಜಾರವೂ ಬೇರೆ ಬೇರೆಯಾಗಿರುವ ಸೂಟ್ ಬೇಕು ಎಂದು ಆಗಲೇ ನಿರ್ಧರಿಸಿದೆ.

ಹಯಾತ್ ಯೋಜನೆಯಲ್ಲಿ ಹಣ ಕೊಟ್ಟು ಪಡೆದ ಅರ್ಹ ದರದ ಸಾಮಾನ್ಯ ಕೋಣೆಯನ್ನು ಸ್ಟ್ಯಾಂಡರ್ಡ್ ಸೂಟಿಗೆ ಏರಿಸಿಕೊಳ್ಳಲು ರಾತ್ರಿಗೆ 6,000 ಪಾಯಿಂಟು, ಹೋಟೆಲಿನ ವಿಶೇಷ ಲೌಂಜಿಗೆ ಪ್ರವೇಶವಿರುವ ಕ್ಲಬ್ ಕೋಣೆಗಾದರೆ 3,000, ಪ್ರೀಮಿಯಂ ಸೂಟಿಗಾದರೆ 9,000 ಬೇಕಾಗಿತ್ತು. ನಾನು ನೋಡಿದ ಹೋಟೆಲಿನಲ್ಲಿ ಸಾಮಾನ್ಯ ಕೋಣೆಯ ಬಾಡಿಗೆ 9,500 ರೂಪಾಯಿ, ಸೂಟಿನದು 18,000. ವ್ಯತ್ಯಾಸ 8,500, ಅದಕ್ಕೆ ಶೇಕಡಾ 18ರ ಜಿಎಸ್‌ಟಿ ಸೇರಿಸಿದರೆ 10,030. ಅಂದರೆ ಒಂದು ಪಾಯಿಂಟಿಗೆ 1 ರೂಪಾಯಿ 67 ಪೈಸೆ ಬಂದಂತೆ ಕಾಣುತ್ತದೆ. ಆದರೆ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ 18,000 ರೂಪಾಯಿ ಕೊಟ್ಟು ನಾನು ಎಂದೂ ಸೂಟ್ ಹಿಡಿಯುತ್ತಿರಲಿಲ್ಲ. ಕೈಯಿಂದ ಹೋಗದ ಹಣವನ್ನು ಉಳಿತಾಯವೆಂದು ಬರೆದುಕೊಳ್ಳುವುದು ಸರಿಯಲ್ಲ. ನಾನು ನಿಜವಾಗಿ ತೆರುತ್ತಿದ್ದದ್ದು ಎರಡನೆಯ ಸಾಮಾನ್ಯ ಕೋಣೆಗೆ, ತೆರಿಗೆ ಸೇರಿ 11,210 ರೂಪಾಯಿ. ಸೂಟಿನಲ್ಲಿ ನನಗಾಗಿ ಹಾಕಿಸಿದ ಹೆಚ್ಚುವರಿ ಹಾಸಿಗೆಗೆ ತೆರಿಗೆ ಸೇರಿ 1,770 ಕೊಡಬೇಕಾಗಿದ್ದರಿಂದ ರಾತ್ರಿಗೆ ಉಳಿದದ್ದು 9,440, ಅಂದರೆ ಪಾಯಿಂಟಿಗೆ 1 ರೂಪಾಯಿ 57 ಪೈಸೆ. ಆ ಎರಡನೆಯ ಕೋಣೆಯನ್ನು ಪಾಯಿಂಟುಗಳಿಂದಲೇ ಪಡೆಯಲು ಹೊರಟಿದ್ದರೆ ರಾತ್ರಿಗೆ 8,000 ಬೇಕಿತ್ತು. ಆಗ ಪಾಯಿಂಟಿಗೆ 1 ರೂಪಾಯಿ 40 ಪೈಸೆ ಮಾತ್ರ. ಹೀಗಾಗಿ ಸೂಟ್ ನಮಗೆ ಅನುಕೂಲವೂ ಆಗಿತ್ತು, ಅಗ್ಗವೂ ಆಗಿತ್ತು.

ಕರೆ ಮಾಡುವ ಮೊದಲು ಆ ಮೂರೂ ದಿನ ಸ್ಟ್ಯಾಂಡರ್ಡ್ ಸೂಟ್ ಹಣಕ್ಕೆ ಮಾರಾಟಕ್ಕಿದೆಯೇ ಎಂದು ತಾಣದಲ್ಲಿ ನೋಡಿಕೊಂಡೆ. ಮದುವೆಯ ತಿಂಗಳಾದ್ದರಿಂದ ಎರಡು ತಿಂಗಳು ಮುಂಚಿತವಾಗಿಯೇ ಕಾಯ್ದಿರಿಸಿ, ಸದಸ್ಯರ ಸಹಾಯವಾಣಿಯಲ್ಲಿ ಮಾತನಾಡಿ, 18,000 ಪಾಯಿಂಟುಗಳನ್ನು ಕಡಿತಗೊಳಿಸಲು ಒಪ್ಪಿಗೆ ಕೊಟ್ಟೆ. ಖಚಿತಪತ್ರದಲ್ಲಿ ಕೋಣೆಯ ವಿಧ ಬದಲಾಗಿ ಬಂದದ್ದನ್ನು ಓದಿ ನೋಡಿದ ಮೇಲೆಯೇ ಅಮ್ಮನಿಗೆ ವಿಷಯ ತಿಳಿಸಿದೆ. ಬಳಿಕ ಹೋಟೆಲಿಗೂ ಫೋನ್ ಮಾಡಿ, ಹಜಾರಕ್ಕೂ ಮಲಗುವ ಕೋಣೆಗೂ ನಡುವೆ ಇರುವುದು ಮುಚ್ಚುವ ಬಾಗಿಲೇ ಅಥವಾ ಅರ್ಧ ಗೋಡೆಯೇ ಎಂದು ಕೇಳಿ ತಿಳಿದುಕೊಂಡೆ. ಹೆಸರಿಗೆ ಸೂಟ್ ಆಗಿದ್ದರೂ ಬಾಗಿಲೇ ಇಲ್ಲದ ಕೋಣೆಗಳನ್ನು ನಾನು ನೋಡಿದ್ದೇನೆ.

ಎರಡನೆಯ ರಾತ್ರಿ ಎರಡು ಗಂಟೆಯ ಸುಮಾರಿಗೆ ಅಪ್ಪನ ಊರುಗೋಲು ಬಚ್ಚಲಿನ ಹೊಸ್ತಿಲಿಗೆ ತಾಗಿದ ಸದ್ದು ಕೇಳಿ ಎದ್ದು ಬಾಗಿಲು ತೆರೆದೆ. ಅಮ್ಮನಿಗೆ ಎಚ್ಚರವಾಗಿರಲಿಲ್ಲ. ಅಪ್ಪನ ತೋಳು ಹಿಡಿದು ಕರೆದೊಯ್ದು, ಮರಳಿ ಹಾಸಿಗೆಯ ಮೇಲೆ ಕೂರಿಸಿ, ಕಾಲನ್ನು ಮೆಲ್ಲಗೆ ಮೇಲೆತ್ತಿಟ್ಟು ದೀಪ ಆರಿಸಿದೆ. ಬಾಗಿಲನ್ನು ಪೂರ್ತಿ ಮುಚ್ಚದೆ, ಒಂದು ಗೇಣಿನಷ್ಟು ತೆರೆದಿಟ್ಟು ಹಜಾರಕ್ಕೆ ಬಂದು ಮಲಗಿಕೊಂಡೆ.