ಮೂರನೇ ಬೆರಳು ಯಾವುದು?

ಕಲಬುರಗಿಯ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ನನ್ನ ಕೆಲಸ. ಮನೆಗೆ ಹೋದ ರೋಗಿಗಳ ಕೇಸ್ ಶೀಟ್ ಓದಿ, ಕಾಯಿಲೆಗೆ, ಗಾಯಕ್ಕೆ ಐಸಿಡಿ-10ರ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ, ಕೋಡ್ ಹಾಕುತ್ತೇನೆ. ತೊಗರಿ ರಾಶಿ ಶುರುವಾಯಿತೆಂದರೆ ನನ್ನ ಮೇಜಿಗೆ ಬೆರಳಿನ ಕೇಸುಗಳು ಬರತೊಡಗುತ್ತವೆ. ರಾಶಿ ಮಷೀನಿನ ಬೆಲ್ಟು, ಬೇಳೆ ಮಿಲ್ಲಿನ ರೋಲರು, ಶಹಾಬಾದ್ ಕಡೆಯ ಕಲ್ಲು ಕೊಯ್ಯುವ ಗರಗಸ. ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡ ಮಕ್ಕಳಂತೂ ವರ್ಷವಿಡೀ ಬರುತ್ತಾರೆ.

ಆ ಪಟ್ಟಿಯ ಪುಸ್ತಕದಲ್ಲಿ ಬೆರಳಿನ ತೆರೆದ ಗಾಯಕ್ಕೆ ಇರುವುದು ಎರಡೇ ಕೋಡ್. ಉಗುರಿಗೆ ಹಾನಿಯಾಗದಿದ್ದರೆ ಎಸ್61.0, ಆಗಿದ್ದರೆ ಎಸ್61.1. ಕೇಳಲು ಇಷ್ಟು ಸುಲಭ. ಆದರೆ ಶೀಟಿನಲ್ಲಿ ಉಗುರಿನ ಸುದ್ದಿಯೇ ಇಲ್ಲದಿದ್ದರೆ ಪುಸ್ತಕದ ಅಕಾರಾದಿ ಸೂಚಿ ನಮ್ಮನ್ನು ನೇರವಾಗಿ ಎಸ್61.0ಗೆ ಕರೆದೊಯ್ಯುತ್ತದೆ. ಡಾಕ್ಟರು ಬರೆಯದ ಉಗುರು ನಮ್ಮ ಲೆಕ್ಕದಲ್ಲಿ ಗಟ್ಟಿಮುಟ್ಟಾದ ಉಗುರು. ಮೊದಲ ಎರಡು ವರ್ಷ ನಾನು ಹಾಗೆಯೇ ಹಾಕುತ್ತ ಹೋದೆ. 'ಬೆರಳಿಗೆ ಗಾಯ, ಹೊಲಿಗೆ ಹಾಕಲಾಗಿದೆ' ಎಂಬ ಒಂದು ಸಾಲು, ಅದಕ್ಕೆ ನನ್ನದೊಂದು ಎಸ್61.0, ಮುಂದಿನ ಫೈಲು.

ಒಂದು ದಿನ ಬೇಳೆ ಮಿಲ್ಲಿನ ಹುಡುಗನೊಬ್ಬ ಕಿಟಕಿಯ ಹತ್ತಿರ ಬಂದು ನಿಂತ. ಎರಡು ತಿಂಗಳ ಹಿಂದೆ ಬಲಗೈ ಸಿಕ್ಕಿಹಾಕಿಕೊಂಡಿತ್ತಂತೆ. ಪರಿಹಾರದ ಅರ್ಜಿಗೆ ದಾಖಲೆ ಬೇಕು ಎಂದ. ಫೈಲು ತೆಗೆದೆ. ತುರ್ತು ವಿಭಾಗದ ಚೀಟಿಯಲ್ಲಿ 'ಮೂರನೇ ಬೆರಳು', ಆಪರೇಷನ್ ಥಿಯೇಟರಿನ ಟಿಪ್ಪಣಿಯಲ್ಲಿ 'ಉಂಗುರಬೆರಳು', ಎಕ್ಸ್‌ರೇ ವರದಿಯಲ್ಲಿ 'ನಡುಬೆರಳು', ಡಿಸ್ಚಾರ್ಜ್ ಸಾರಾಂಶದಲ್ಲಿ ಬರೀ 'ಬೆರಳ ತುದಿಗೆ ಪೆಟ್ಟು'. ಕೆಳಗೆ ನನ್ನದೇ ಅಕ್ಷರದಲ್ಲಿ ಎಸ್61.0.

ಅವನು ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ನಡುಬೆರಳು ತೋರುಬೆರಳಿಗಿಂತ ಗಿಡ್ಡವಾಗಿತ್ತು. ಆಧಾರಕ್ಕೆ ಎಲುಬಿಲ್ಲದ ಕಡೆ ಬೆಳೆದ ಉಗುರು ಗಿಳಿಯ ಕೊಕ್ಕಿನಂತೆ ತುದಿಯ ಮೇಲೆ ಬಾಗಿತ್ತು. "ಅಕ್ಕಾ, ಬೆರಳು ನನ್ನದು, ಕಾಗದದಾಗ ಯಾರದೋ ಇದೆ" ಎಂದ. ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಆಮೇಲೆ ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯನ್ನು ತೆಗೆದು ನೋಡಿದೆ. ನಡುಬೆರಳಿನ ಒಂದು ಗೆಣ್ಣು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 7ರಷ್ಟು ನಷ್ಟ, ಎಲುಬು ಉಳಿದು ತುದಿ ಮಾತ್ರ ಹೋದರೆ ಶೇ. 4. ಅದೇ ಉಂಗುರಬೆರಳೋ ಕಿರುಬೆರಳೋ ಆದರೆ ಶೇ. 5 ಮತ್ತು ಶೇ. 2. ಯಾವ ಬೆರಳು, ಎಲುಬು ಹೋಯಿತೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದ ಕಾಗದವನ್ನು ನಾವು ಅವನ ಕೈಗೆ ಕೊಟ್ಟಿದ್ದೆವು.

ನಾನೇ ತಿದ್ದುವಂತಿರಲಿಲ್ಲ. ಕೋಡ್ ಹಾಕುವವರು ಕಣ್ಣಾರೆ ಕಂಡ ಬೆರಳನ್ನೂ ದಾಖಲೆಗೆ ಸೇರಿಸುವಂತಿಲ್ಲ, ಎಕ್ಸ್‌ರೇ ನೋಡಿ ತಾವೇ ತೀರ್ಮಾನಿಸುವಂತೆಯೂ ಇಲ್ಲ. ಡಾಕ್ಟರಿಗೆ ಚೀಟಿ ಬರೆದೆ. ಅದನ್ನು ಬರೆಯುವುದಕ್ಕೂ ಒಂದು ರೀತಿಯಿದೆ. 'ಎಲುಬು ಹೋಗಿದೆ ಅಲ್ಲವೇ ಸರ್?' ಎಂದು ಕೇಳಿದರೆ ಉತ್ತರವನ್ನು ನಾವೇ ಅವರ ಬಾಯಿಗೆ ಇಟ್ಟಂತೆ. 'ಮೂರು ಕಡೆ ಮೂರು ಬಗೆಯಾಗಿದೆ. ಬೆರಳು, ಉಗುರು, ಎಲುಬಿನ ಸ್ಥಿತಿಯನ್ನು ದಯವಿಟ್ಟು ಸ್ಪಷ್ಟಪಡಿಸಿ' ಎಂದಷ್ಟೇ ಬರೆದೆ. ಡಾಕ್ಟರು ಫಿಲ್ಮ್ ತರಿಸಿ, ಹುಡುಗನನ್ನೂ ಕರೆಸಿ ನೋಡಿ, ತಪ್ಪಿದ್ದ ಪದಗಳ ಮೇಲೆ ಒಂದೇ ಗೆರೆ ಎಳೆದು, ದಿನಾಂಕ ಹಾಕಿ ಸಹಿ ಮಾಡಿದರು. ಬಿಳಿ ಬಣ್ಣ ಬಳಿದು ತಿದ್ದಿದ ದಾಖಲೆಯನ್ನು ಯಾರೂ ನಂಬುವುದಿಲ್ಲ. ಎಲುಬಿನ ತುದಿಯೂ ಹೋಗಿತ್ತು. ಕೋಡ್ ಎಸ್68.1 ಆಯಿತು, ಅಂದರೆ ಬೆರಳು ತುಂಡಾದದ್ದು.

ತಪ್ಪಿನ ಬೇರು ಎಣಿಕೆಯಲ್ಲಿತ್ತು. ಹೆಬ್ಬೆರಳಿನಿಂದ ಎಣಿಸುವವರಿಗೆ ಮೂರನೆಯದು ನಡುಬೆರಳು. ಹೆಬ್ಬೆರಳನ್ನು ಬಿಟ್ಟು ಎಣಿಸುವವರಿಗೆ ಉಂಗುರಬೆರಳು. ಬೀದರ್‌ನಲ್ಲಿರುವ ನನ್ನ ತಂಗಿ ಮನೆಯಿಂದಲೇ ಅಮೆರಿಕದ ಆಸ್ಪತ್ರೆಗಳಿಗೆ ಕೋಡಿಂಗ್ ಮಾಡುತ್ತಾಳೆ. ಅವರ ಐಸಿಡಿ-10-ಸಿಎಂನಲ್ಲಿ ಒಂದೊಂದು ಬೆರಳಿಗೂ ಬೇರೆ ಕೋಡ್: ಬಲ ನಡುಬೆರಳು ಸೀಳಿ, ಒಳಗೆ ಚೂರೇನೂ ಉಳಿಯದೆ, ಉಗುರಿಗೂ ಹಾನಿಯಾಗಿದ್ದರೆ ಎಸ್61.312, ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ಕೊನೆಗೊಂದು 'ಎ'. ಬಿಲ್ಲಿನಲ್ಲಿ ಅದೇ ಬೆರಳಿಗೆ 'ಎಫ್7' ಎಂಬ ಗುರುತು ಬೇರೆ. "ನಿಮ್ಮದು ಎರಡೇ ಕೋಡ್, ಆರಾಮ ಇದ್ದೀಯಾ" ಎಂದು ನಗುತ್ತಾಳೆ. ಕೋಡ್ ಕೇಳುವುದಿಲ್ಲವೆಂದೇ ನಮ್ಮಲ್ಲಿ ಯಾರೂ ಬೆರಳಿನ ಹೆಸರು ಬರೆಯುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅವಳ ಮಾತಿನಿಂದಲೇ.

ಸಂಖ್ಯೆ ಬೇಡ, ಹೆಸರು ಬರೆಯಿರಿ ಎಂದು ಕೇಳಿಕೊಂಡೆ. ಒಂದು ವಾರ ನಡೆಯಿತು, ಆಮೇಲೆ ಮರೆತರು. ಆಗ ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋಗಿ ಎರಡು ಕೈಗಳ ಚಿತ್ರವಿರುವ ರಬ್ಬರ್ ಸ್ಟ್ಯಾಂಪ್ ಮಾಡಿಸಿ ತುರ್ತು ವಿಭಾಗಕ್ಕೆ ಕೊಟ್ಟೆ. ಗಾಯದ ಜಾಗಕ್ಕೆ ಗುರುತು ಹಾಕಿದರೆ ಸಾಕು. ಮೂರೇ ದಿನಕ್ಕೆ ಅದರ ಬಂಡವಾಳ ಬಯಲಾಯಿತು: ಚಿತ್ರದಲ್ಲಿರುವುದು ಅಂಗೈಯೋ ಕೈಯ ಹಿಂಬದಿಯೋ ತಿಳಿಯದೆ, ಒಬ್ಬರು ಎಡ ಎಂದುಕೊಂಡದ್ದನ್ನು ಇನ್ನೊಬ್ಬರು ಬಲ ಎಂದುಕೊಂಡಿದ್ದರು. ಮತ್ತೆ ಹೋಗಿ ಬೆರಳುಗಳಿಗೆ ಉಗುರು ಬರೆಸಿ, ಕೆಳಗೆ ಎಡ, ಬಲ ಎಂದು ಸೇರಿಸಿದೆ. ಉಗುರು ಕಂಡ ಮೇಲೆ ಗೊಂದಲ ನಿಂತಿತು. ನಾನು ಎಣಿಸದ ಲಾಭವೂ ಒಂದು ಸಿಕ್ಕಿತು: ಚಿತ್ರದಲ್ಲಿ ಉಗುರು ಇದ್ದುದರಿಂದ ಡಾಕ್ಟರರು ಅದರ ಬಗ್ಗೆಯೂ ಬರೆಯತೊಡಗಿದರು. ಅರ್ಧ ಕಿತ್ತಿದೆ, ಉಗುರಿನ ಹಾಸು ಸೀಳಿದೆ, ಬುಡ ಚೆನ್ನಾಗಿದೆ, ಹೀಗೆ.

ಹೀಗೆ ಬರೆದರೆ ನಮ್ಮ ಅರ್ಧ ಜಗಳ ಮುಗಿದಂತೆ. ಉಗುರಿನಡಿ ರಕ್ತ ಕಟ್ಟಿ ಕಪ್ಪಾಗಿದ್ದು ಚರ್ಮ ಒಡೆಯದಿದ್ದರೆ ಅದು ತೆರೆದ ಗಾಯವಲ್ಲ, ಎಸ್60.1. ಉಗುರಿನ ಹಾಸು ಸೀಳಿ, ಅದರಡಿಯ ಎಲುಬೂ ಮುರಿದಿದ್ದರೆ ನೋಡುವವರಿಗೆ ಅದು ತೆರೆದ ಮುರಿತವೆಂದು ಗೊತ್ತು. ಆದರೆ ಡಾಕ್ಟರು 'ತೆರೆದ' ಎಂಬ ಪದವನ್ನು ಬರೆಯದಿದ್ದರೆ ನಿಯಮದ ಪ್ರಕಾರ ನಾನು ಅದನ್ನು ಮುಚ್ಚಿದ ಮುರಿತವೆಂದೇ ಹಾಕಬೇಕು, ಎಸ್62.61ರ ಬದಲು ಎಸ್62.60. ಈ ಒಂದು ಪದಕ್ಕಾಗಿ ನಾನು ವಾರ್ಡಿಗೆ ಹತ್ತಿ ಇಳಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಪೆಟ್ಟು ಹೇಗಾಯಿತು, ಎಲ್ಲಿ ಆಯಿತು ಎಂಬುದಕ್ಕೂ ಕೋಡ್ ಇದೆ. ಮಿಲ್ಲಿನ ಯಂತ್ರವಾದರೆ ಡಬ್ಲ್ಯೂ31.6, ಹೊಲದಲ್ಲಿ ರಾಶಿ ಮಷೀನಾದರೆ ಡಬ್ಲ್ಯೂ30.7. ಅದನ್ನು ಮಾತ್ರ ರೋಗಿಯ ಕಡೆಯವರು ಕೇಳದೆಯೇ ಹೇಳುತ್ತಾರೆ.

ಕಳೆದ ವಾರ ಬಂದ ಒಂದು ಶೀಟಿನಲ್ಲಿ ಸ್ಟ್ಯಾಂಪ್ ಇರಲಿಲ್ಲ. ಪ್ಯಾಡಿನ ಮಸಿ ಒಣಗಿತ್ತಂತೆ. ರಾತ್ರಿ ಪಾಳಿಯ ಸಿಸ್ಟರ್ ಬಾಲ್ ಪೆನ್ನಿನಲ್ಲಿ ತಾವೇ ಒಂದು ಎಡಗೈ ಬರೆದಿದ್ದರು. ಬೆರಳುಗಳು ಬದನೆಕಾಯಿಯಂತಿದ್ದವು. ಐದಕ್ಕೂ ಉಗುರು ಇತ್ತು.