1979ರ ಡೇಟೋನಾ 500 ರೇಸನ್ನು ಮೊದಲ ಸುತ್ತಿನಿಂದ ನೋಡುವ ಬಗೆ

ಸ್ಟಾಕ್ ಕಾರ್ (ರಸ್ತೆಯ ಮಾಮೂಲಿ ಕಾರಿನ ರೂಪದ ರೇಸ್ ಕಾರು) ರೇಸಿನ ಚರಿತ್ರೆಯಲ್ಲಿ ಒಂದನ್ನಾದರೂ ಪೂರ್ತಿ ನೋಡಬೇಕೆನ್ನುವವರು 1979ರ ಫೆಬ್ರವರಿ 18ರಂದು ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಡೇಟೋನಾ 500 ಅನ್ನು ನೋಡಬೇಕು. ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಕಾರುಗಳ ಹುಚ್ಚಿರುವ ಅನೇಕರು ಈ ರೇಸಿನ ಕೊನೆಯ ಸುತ್ತಿನ ಡಿಕ್ಕಿಯನ್ನೂ ಅದರ ಹಿಂದೆಯೇ ನಡೆದ ಹೊಡೆದಾಟವನ್ನೂ ಮೊಬೈಲಿನಲ್ಲಿ ತುಣುಕಾಗಿ ನೋಡಿ, ರೇಸನ್ನೇ ನೋಡಿದೆವೆಂದುಕೊಂಡಿದ್ದಾರೆ. ಆದರೆ ಆ ಡಿಕ್ಕಿಯ ಬೇರು 200 ಸುತ್ತುಗಳ ರೇಸಿನ ಮೊದಲ ಭಾಗದಲ್ಲೇ ಇದೆ. ಅದನ್ನು ಹಿಡಿಯದೆ ಕೊನೆಯದನ್ನು ಮಾತ್ರ ನೋಡಿದವರಿಗೆ ಉಳಿಯುವುದು ಬರಿಯ ಜಗಳ.

ಮೊದಲು ವ್ಯವಸ್ಥೆಯ ಮಾತು. ಯೂಟ್ಯೂಬಿನಲ್ಲಿ ಹುಡುಕುವಾಗ ಮುಖ್ಯಾಂಶಗಳನ್ನು ಬಿಟ್ಟು, ಸಿಬಿಎಸ್ ವಾಹಿನಿಯ ಅಂದಿನ ಪೂರ್ಣ ಪ್ರಸಾರವನ್ನೇ ಆರಿಸಿಕೊಳ್ಳಬೇಕು. ರೇಸೇ ಸುಮಾರು ಮೂರೂವರೆ ಗಂಟೆ ನಡೆದಿದೆಯಾದ್ದರಿಂದ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಕೂರುವುದು ಒಳ್ಳೆಯದು. ಚಿತ್ರದ ಗುಣಮಟ್ಟ ಆ ಕಾಲದ್ದು, ಕಾರಿನ ಸಂಖ್ಯೆಗಳು ಸಣ್ಣ ಪರದೆಯಲ್ಲಿ ಕಾಣುವುದಿಲ್ಲ. ಹಾಸ್ಟೆಲಿನ ಟಿವಿಗೋ ಮನೆಯ ಟಿವಿಗೋ ಜೋಡಿಸಿಕೊಳ್ಳಿ. ವೀಕ್ಷಕ ವಿವರಣೆ ಕೊಡುವವರು ಕೆನ್ ಸ್ಕ್ವೈಯರ್ ಮತ್ತು ಡೇವಿಡ್ ಹಾಬ್ಸ್. ಅವರ ಇಂಗ್ಲಿಷ್ ವೇಗದ್ದಾದರೂ ಸಂಖ್ಯೆಗಳು ಸ್ಪಷ್ಟವಾಗಿ ಕೇಳಿಸುತ್ತವೆ.

ಪಕ್ಕದಲ್ಲಿ ಒಂದು ಹಾಳೆ ಇರಲಿ. ಎಡಗಡೆ ಉದ್ದಕ್ಕೆ ಆರು ಕಾರುಗಳನ್ನು ಬರೆದುಕೊಳ್ಳಿ: ರಿಚರ್ಡ್ ಪೆಟ್ಟಿ ಅವರ 43, ಡಾನಿ ಆಲಿಸನ್ ಅವರ 1, ಕೇಲ್ ಯಾರ್ಬರೋ ಅವರ 11, ಬಾಬಿ ಆಲಿಸನ್ ಅವರ 15, ಡ್ಯಾರೆಲ್ ವಾಲ್‌ಟ್ರಿಪ್ ಅವರ 88, ಎ. ಜೆ. ಫಾಯ್ಟ್ ಅವರ 51. ಪ್ರತಿ ಹೆಸರಿನ ಮುಂದೆ ಎರಡು ಅಂಕಣಗಳು ಸಾಕು. ಒಂದರಲ್ಲಿ ಆ ಕಾರು ಮುಂಚೂಣಿಗಿಂತ ಎಷ್ಟು ಸುತ್ತು ಹಿಂದಿದೆ ಎಂಬುದು, ಇನ್ನೊಂದರಲ್ಲಿ ಹಿಂದೆ ಬಿದ್ದದ್ದು ಎಲ್ಲಿ, ಮರಳಿ ಗಳಿಸಿದ್ದು ಎಲ್ಲಿ ಎಂಬುದು. ಇಡೀ ರೇಸಿನ ಜೀವ ಈ ಎರಡನೆಯ ಅಂಕಣದಲ್ಲಿದೆ.

ರೇಸ್ ಶುರುವಾಗುವ ಮೊದಲೇ ಟ್ರ್ಯಾಕಿನ ಆಕಾರ ಮನಸ್ಸಿನಲ್ಲಿರಬೇಕು. 1959ರಲ್ಲಿ ತೆರೆದ ಈ ಟ್ರ್ಯಾಕಿನ ಒಂದು ಸುತ್ತು 2.5 ಮೈಲಿ, ಅಂದರೆ ಸುಮಾರು ನಾಲ್ಕು ಕಿಲೋಮೀಟರ್. 200 ಸುತ್ತಿಗೆ 500 ಮೈಲಿ, ಸುಮಾರು 805 ಕಿಲೋಮೀಟರ್. ಪ್ರೇಕ್ಷಕರ ಎದುರಿನ ದಾರಿ ನಡುವೆ ಸ್ವಲ್ಪ ಬಾಗಿದೆ, ಅದರ ಆಚೆ ಬದಿಗೆ ಉದ್ದನೆಯ ನೇರ ದಾರಿ ಇದೆ, ಎರಡು ತುದಿಗಳ ತಿರುವುಗಳು 31 ಡಿಗ್ರಿ ಓರೆಯಾಗಿವೆ. ಇಷ್ಟು ಓರೆಯಾದ ತಿರುವಿನಲ್ಲಿ ಕಾರನ್ನು ಒಳಕ್ಕೆ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲನ್ನು ನೆಲವೇ ಹೊರುವುದರಿಂದ, ಸಮತಟ್ಟಾದ ದಾರಿಯಲ್ಲಿ ಬ್ರೇಕ್ ಹಿಡಿಯಲೇಬೇಕಾದ ಜಾಗವನ್ನು ಇಲ್ಲಿ ಪೂರ್ತಿ ವೇಗದಲ್ಲೇ ದಾಟಬಹುದು. ಆ ವರ್ಷ ಅರ್ಹತಾ ಸುತ್ತಿನಲ್ಲಿ ಮೊದಲಿಗರಾದ ಬಡ್ಡಿ ಬೇಕರ್ ಅವರ ವೇಗ ಗಂಟೆಗೆ 196.049 ಮೈಲಿ, ಅಂದರೆ 315 ಕಿಲೋಮೀಟರಿಗೂ ಮಿಗಿಲು.

ಇಂಥ ವೇಗದಲ್ಲಿ ಕಾರಿನ ದೊಡ್ಡ ಶತ್ರು ಗಾಳಿ. ಕ್ಯಾತ್ಸಂದ್ರದ ಬಳಿ ಹೆದ್ದಾರಿಯಲ್ಲಿ ಬೈಕಿನಲ್ಲಿ ಹೋಗುವಾಗ ಮುಂದೆ ಲಾರಿ ಬಂದರೆ ಎದೆಗೆ ಹೊಡೆಯುತ್ತಿದ್ದ ಗಾಳಿ ಥಟ್ಟನೆ ತಗ್ಗುವುದು ನಮ್ಮವರಿಗೆ ಗೊತ್ತೇ ಇದೆ (ಲಾರಿಗೆ ಅಂಟಿಕೊಂಡು ಓಡಿಸುವುದು ಪ್ರಾಣಕ್ಕೆ ಎರವು, ಅದನ್ನು ಯಾರೂ ಪರೀಕ್ಷಿಸಬೇಡಿ). ಡೇಟೋನಾದಲ್ಲಿ ಚಾಲಕರು ಇದನ್ನೇ ಕಲೆಯಾಗಿಸಿದ್ದಾರೆ. ಅದಕ್ಕೆ ಡ್ರಾಫ್ಟಿಂಗ್ ಎನ್ನುತ್ತಾರೆ. ಹಿಂದಿನ ಕಾರಿಗೆ ಗಾಳಿಯ ತಡೆ ಕಡಿಮೆ, ಮುಂದಿನ ಕಾರನ್ನು ಹಿಂದಕ್ಕೆಳೆಯುವ ಸುಳಿಯೂ ಕಡಿಮೆ. ಹೀಗಾಗಿ ಎರಡು ಕಾರುಗಳು ಒಂದಕ್ಕೊಂದು ಅಂಟಿಕೊಂಡು ಹೋದರೆ ಒಂಟಿ ಕಾರಿಗಿಂತ ಎರಡೂ ವೇಗವಾಗಿ ಹೋಗುತ್ತವೆ. ಹಿಂದಿನವನ ಬಳಿ ಶಕ್ತಿ ಉಳಿದಿರುತ್ತದೆ. ಅವನು ಸಮಯ ನೋಡಿ ಪಕ್ಕಕ್ಕೆ ಸರಿದರೆ ಆ ಉಳಿದ ಶಕ್ತಿಯಲ್ಲೇ ಮುಂದಿನವನನ್ನು ಹಾಯ್ದುಬಿಡಬಹುದು, ಇದು ಸ್ಲಿಂಗ್‌ಶಾಟ್. ಆದ್ದರಿಂದ ಅಂದಿನ ಡೇಟೋನಾದಲ್ಲಿ ಕೊನೆಯ ಸುತ್ತಿಗೆ ಮೊದಲಿಗನಾಗಿ ಕಾಲಿಡುವುದಕ್ಕಿಂತ ಎರಡನೆಯವನಾಗಿರುವುದೇ ಲೇಸೆಂದು ಅನೇಕ ಚಾಲಕರು ಎಣಿಸುತ್ತಿದ್ದರು.

ಬೆಳಿಗ್ಗೆ ಮಳೆ ಬಿದ್ದಿದ್ದರಿಂದ ಮೊದಲ 15 ಸುತ್ತುಗಳು ಹಳದಿ ಬಾವುಟದಡಿ (ಅಪಾಯವಿದೆ, ಹಾಯದೆ ನಿಧಾನಿಸಿ ಎಂಬ ಸೂಚನೆ) ನಿಧಾನವಾಗಿ ಸಾಗುತ್ತವೆ. ಅವೂ ಲೆಕ್ಕಕ್ಕೆ ಸೇರುತ್ತವೆ. ಇಲ್ಲಿ ಬೇಸರಿಸಿ ಮುಂದೋಡಿಸಬೇಡಿ, ಕಾರುಗಳ ಬಣ್ಣ ಮತ್ತು ಸಂಖ್ಯೆ ಗುರುತು ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ. ಪೆಟ್ಟಿ ಅವರ ತಿಳಿನೀಲಿ ಮತ್ತು ಕೆಂಪಿನ ಕಾರು ಮೊದಲಿಗೇ ಕಣ್ಣಿಗೆ ಬೀಳುತ್ತದೆ.

ಮೂವತ್ತನೆಯ ಸುತ್ತು ದಾಟಿದ ಮೇಲೆ ಮಾತ್ರ ಕಣ್ಣು ಕೀಳಬಾರದು. ಆಚೆ ಬದಿಯ ನೇರ ದಾರಿಯಲ್ಲಿ ಆಲಿಸನ್ ಸಹೋದರರಿಬ್ಬರೂ ಯಾರ್ಬರೋ ಅವರೂ ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡು, ಮಳೆಯಿಂದ ಕೆಸರಾಗಿದ್ದ ಒಳಗಿನ ಬಯಲಿಗೆ ಜಾರುತ್ತಾರೆ. ಯಾರ್ಬರೋ ಮೂರು ಸುತ್ತು ಹಿಂದೆ ಬೀಳುತ್ತಾರೆ, ಡಾನಿ ಒಂದು ಸುತ್ತು. ಹಾಳೆಯಲ್ಲಿ ಇದನ್ನು ಬರೆದು ಕೆಳಗೆ ಗೆರೆ ಎಳೆಯಿರಿ.

ಮೂರು ಸುತ್ತು ಹಿಂದಿದ್ದವರು ಮತ್ತೆ ಗೆಲುವಿನ ಅಂಚಿಗೆ ಬಂದದ್ದು ಹೇಗೆ ಎಂಬುದೇ ಈ ರೇಸಿನ ತಿರುಳು. ಅಂದಿನ ನಿಯಮದಲ್ಲಿ ಹಳದಿ ಬಾವುಟ ಹಾರಿದರೂ ಕಾರುಗಳು ಸುತ್ತು ಮುಗಿಯುವ ಗೆರೆ ಮುಟ್ಟುವವರೆಗೆ ಸ್ಪರ್ಧಿಸಬಹುದಿತ್ತು. ಒಂದು ಸುತ್ತು ಹಿಂದಿದ್ದವನು ಆ ಗೆರೆಯನ್ನು ಮುಂಚೂಣಿಯವನಿಗಿಂತ ಮೊದಲು ಮುಟ್ಟಿದರೆ, ನಂತರ ನಿಧಾನವಾಗಿ ಸಾಗುವ ಸಾಲಿನ ಹಿಂಬದಿಯನ್ನು ಸೇರಿಕೊಂಡು ಕಳೆದುಕೊಂಡ ಸುತ್ತನ್ನು ಮರಳಿ ಪಡೆಯುತ್ತಿದ್ದ. ಯಾರ್ಬರೋ ಅವರ ಕಾರು ಆ ದಿನ ಅತ್ಯಂತ ವೇಗದ ಕಾರುಗಳಲ್ಲೊಂದಾಗಿತ್ತು. ಒಂದೊಂದು ಹಳದಿ ಬಾವುಟವನ್ನೂ ಕಾದು ಅವರು ಒಂದೊಂದೇ ಸುತ್ತನ್ನು ಕಿತ್ತುಕೊಳ್ಳುತ್ತಾರೆ. ಹಳದಿ ಬಾವುಟ ಕಂಡ ತಕ್ಷಣ ಎಲ್ಲರೂ ಚಹಾಕ್ಕೆ ಏಳುತ್ತಾರೆ. ಈ ರೇಸಿನಲ್ಲಿ ಏಳಬಾರದ ಗಳಿಗೆ ಅದೇ.

ನಡುವಣ ಸುತ್ತುಗಳಲ್ಲಿ ಬೇಕರ್ ಬೇಗನೆ ಹೊರಬೀಳುತ್ತಾರೆ. ಡೇಲ್ ಅರ್ನ್‌ಹಾರ್ಟ್ ಎಂಬ ಹೊಸಬರು 2ನೆಯ ಸಂಖ್ಯೆಯ ಕಾರಿನಲ್ಲಿ ಓಡಿ ಎಂಟನೆಯವರಾಗುತ್ತಾರೆ. ಉಳಿದದ್ದನ್ನು ಹಾಯಾಗಿ ನೋಡಬಹುದು.

ಕೊನೆಯ ಇಪ್ಪತ್ತು ಸುತ್ತುಗಳಿಗೆ ಬಂದಾಗ ಡಾನಿ ಮೊದಲು, ಅವರ ಬೆನ್ನಿಗೆ ಯಾರ್ಬರೋ. ಮೂರನೆಯ ಸ್ಥಾನಕ್ಕೆ ಸೆಣಸುವ ಗುಂಪು ಅರ್ಧ ಸುತ್ತಿಗೂ ಹೆಚ್ಚು ಹಿಂದೆ. ಬಿಳಿ ಬಾವುಟ ಬೀಳುವುದು ಕೊನೆಯ ಸುತ್ತಿನ ಗುರುತು. ಈ ಸುತ್ತನ್ನು ಒಮ್ಮೆ ತಡೆಯಿಲ್ಲದೆ ನೋಡಿ. ಆಮೇಲೆ ಹಿಂದಕ್ಕೆ ಓಡಿಸಿ ಯಾರ್ಬರೋ ಅವರ ಎಡಚಕ್ರಗಳನ್ನಷ್ಟೇ ಗಮನಿಸಿ. ಅವರು ಒಳಬದಿಗೆ ಸರಿದು ಹಾಯಲು ಹೊರಟಾಗ ಡಾನಿ ದಾರಿ ಕಟ್ಟುತ್ತ ಕೆಳಗಿಳಿಯುತ್ತಾರೆ, ಯಾರ್ಬರೋ ಅವರ ಚಕ್ರಗಳು ಟ್ರ್ಯಾಕಿನಿಂದ ಕೆಳಗಿಳಿಯುತ್ತವೆ, ಕಾರುಗಳು ಒಂದಕ್ಕೊಂದು ತಾಗುತ್ತವೆ, ಮತ್ತೆ ತಾಗುತ್ತವೆ, ಮೂರನೆಯ ತಿರುವಿನ ಗೋಡೆಗೆ ಬಡಿದು ಒಟ್ಟಿಗೇ ಒಳಬಯಲಿಗೆ ಜಾರುತ್ತವೆ. ಕೊನೆಯ ಸುತ್ತಿನಲ್ಲಿ ದಾರಿ ಕಟ್ಟುವುದು ಡಾನಿ ಅವರ ಹಕ್ಕೆಂದೇ ನಾನು ತಿಳಿಯುತ್ತೇನೆ. ಮೂರು ಸುತ್ತುಗಳನ್ನು ದುಡಿದು ಪಡೆದವರು ಅಲ್ಲಿ ಆಕ್ಸಲರೇಟರಿನಿಂದ ಕಾಲು ತೆಗೆಯಲಿಲ್ಲವೆಂಬುದೂ ನನಗೆ ಅರ್ಥವಾಗುತ್ತದೆ. ನಿಮ್ಮ ಹಾಳೆಯನ್ನು ಮುಂದಿಟ್ಟುಕೊಂಡು ನೀವೇ ತೀರ್ಮಾನಿಸಬೇಕು.

ಇಷ್ಟರಲ್ಲಿ ಹಿಂದಿದ್ದ ಪೆಟ್ಟಿ ಅವರನ್ನು ಮರೆಯಬೇಡಿ. ವಾಲ್‌ಟ್ರಿಪ್ ಸ್ಲಿಂಗ್‌ಶಾಟ್‌ಗೆ ಯತ್ನಿಸುವುದನ್ನು ಅವರು ತಡೆದು, ಒಂದು ಕಾರಿನಷ್ಟು ಅಂತರದಲ್ಲಿ ತಮ್ಮ ಆರನೆಯ ಡೇಟೋನಾ 500 ಗೆಲ್ಲುತ್ತಾರೆ. ಅದಕ್ಕೆ ಮೊದಲು 45 ರೇಸುಗಳಲ್ಲಿ ಅವರಿಗೆ ಗೆಲುವು ಸಿಕ್ಕಿರಲಿಲ್ಲ. ಫಾಯ್ಟ್ ಮೂರನೆಯವರು. ಡಿಕ್ಕಿಯಾದ ಡಾನಿ ಮತ್ತು ಯಾರ್ಬರೋ ಅವರಿಗೂ ನಾಲ್ಕು ಮತ್ತು ಐದನೆಯ ಸ್ಥಾನ ಸಿಕ್ಕಿತೆಂಬುದನ್ನು ಹಾಳೆಯಲ್ಲಿ ಸೇರಿಸಿ. ತಮ್ಮನನ್ನು ವಿಚಾರಿಸಲು ಬಾಬಿ ಕಾರು ನಿಲ್ಲಿಸಿದ ಮೇಲೆ ಆಲಿಸನ್ ಸಹೋದರರಿಗೂ ಯಾರ್ಬರೋ ಅವರಿಗೂ ನಡೆದ ಹೊಡೆದಾಟವನ್ನು ಇಡೀ ಅಮೆರಿಕ ನೇರವಾಗಿ ನೋಡಿತು. 500 ಮೈಲಿಯ ರೇಸೊಂದನ್ನು ಆರಂಭದಿಂದ ಕೊನೆಯವರೆಗೆ ದೇಶಕ್ಕೆಲ್ಲ ನೇರಪ್ರಸಾರ ಮಾಡಿದ್ದು ಅದೇ ಮೊದಲು, ಮತ್ತು ಆ ದಿನ ಹಿಮಪಾತದಿಂದಾಗಿ ಪೂರ್ವ ರಾಜ್ಯಗಳ ಜನ ಮನೆಯಲ್ಲೇ ಉಳಿದಿದ್ದರು.

ಇದಾದ ಮೇಲೆ ಈಗಿನ ಡೇಟೋನಾ 500 ಅನ್ನು ನೇರವಾಗಿ ನೋಡುವ ಆಸೆಯಾದರೆ, ಅಲ್ಲಿಯ ಸಮಯ ಫೆಬ್ರವರಿಯಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುವುದರಿಂದ ಅವರ ಭಾನುವಾರ ಮಧ್ಯಾಹ್ನವೆಂದರೆ ನಮ್ಮ ನಡುರಾತ್ರಿಯ ಆಸುಪಾಸು. ಸೋಮವಾರದ ಕ್ಲಾಸನ್ನು ನೋಡಿಕೊಂಡು ಕೂರಿ. ಹಾಳೆಯ ಅಂಕಣಗಳು ಅವೇ ಇರಲಿ, ಲೆಕ್ಕ ಮಾತ್ರ ಬೇರೆ. ಹಳದಿ ಬಾವುಟದಡಿ ಗೆರೆಯವರೆಗೆ ಸ್ಪರ್ಧಿಸುವ ಪದ್ಧತಿಯನ್ನು 2003ರಲ್ಲಿ ನಿಲ್ಲಿಸಲಾಯಿತು. ಈಗ ಹಳದಿ ಬಾವುಟ ಹಾರಿದಾಗ ಸುತ್ತು ಹಿಂದೆ ಬಿದ್ದವರಲ್ಲಿ ಎಲ್ಲರಿಗಿಂತ ಮುಂದಿರುವ ಒಬ್ಬರಿಗೆ ಒಂದು ಸುತ್ತು ತಾನಾಗಿಯೇ ಮರಳಿ ಸಿಗುತ್ತದೆ.