ಗೂಗಲ್‌ನಲ್ಲಿ ನಿಮ್ಮ ಅಂಗಡಿ ಸೇರಿಸೋದು ಹೇಗೆ? ನೀವೇ ಮಾಡಿ, ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಟೈಲರ್ ಅಂಗಡಿ ಇರಲಿ, ಗ್ಯಾರೇಜ್ ಇರಲಿ, ಹಿಟ್ಟಿನ ಗಿರಣಿ ಇರಲಿ, ಗೂಗಲ್ ಮ್ಯಾಪ್‌ನಲ್ಲಿ ಹೆಸರು ಬರಲು ಯಾರಿಗೂ ಏನೂ ಕಟ್ಟಬೇಕಾಗಿಲ್ಲ. "ಗೂಗಲ್‌ನಿಂದ ಮಾತಾಡ್ತಿದ್ದೀವಿ, ವರ್ಷದ ಫೀಸ್ ಕಟ್ಟದಿದ್ದರೆ ನಿಮ್ಮ ಅಂಗಡಿ ತೆಗೆದುಹಾಕ್ತೀವಿ" ಅಂತ ಫೋನ್ ಬಂದರೆ ಅದು ಮೋಸ, ಸುಮ್ನೆ ಕಟ್ ಮಾಡಿ. ಜಾಹೀರಾತು ಹಾಕಿಸುವುದಕ್ಕೆ ದುಡ್ಡು ಆಗುತ್ತದೆ, ಆದರೆ ಅದು ಬೇರೆ ವಿಷಯ, ಈಗ ಅದು ಬೇಡ.

ಈ ಸೇವೆಯ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅಂತ ಇತ್ತು. ಹಳೆಯ ಯೂಟ್ಯೂಬ್ ವಿಡಿಯೋ ನೋಡಿಕೊಂಡು ಆ ಹೆಸರಿನ ಆ್ಯಪ್ ಹುಡುಕಬೇಡಿ, ಅದು ಈಗ ಇಲ್ಲ. ಬ್ರೌಸರ್‌ನಲ್ಲಿ ಬಿಸಿನೆಸ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆದರೆ ಅಲ್ಲಿಂದಲೇ ಶುರು ಮಾಡಬಹುದು. ಒಮ್ಮೆ ಪ್ರೊಫೈಲ್ ಆದಮೇಲೆ ಗೂಗಲ್ ಸರ್ಚ್‌ನಲ್ಲಿ ಅಥವಾ ಮ್ಯಾಪ್‌ನಲ್ಲೇ ಎಲ್ಲವನ್ನೂ ಬದಲಾಯಿಸಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಯಾವ ಜಿಮೇಲ್‌ನಿಂದ ಲಾಗಿನ್ ಆಗುತ್ತೀರೋ ಆ ಜಿಮೇಲ್ ಯಾರ ಕೈಯಲ್ಲಿದೆಯೋ ಪ್ರೊಫೈಲ್ ಅವರದ್ದೇ. ಅಂಗಡಿ ಹುಡುಗನ ಜಿಮೇಲ್, ಕಾಲೇಜಿಗೆ ಹೋಗೋ ತಂಗಿ ಮಗನ ಜಿಮೇಲ್, "ನಾನು ಮಾಡಿಕೊಡ್ತೀನಿ ಅಣ್ಣಾ" ಅಂತ ಬಂದ ಏಜೆಂಟನ ಜಿಮೇಲ್, ಇದ್ಯಾವುದೂ ಬೇಡ. ಹುಡುಗ ಕೆಲಸ ಬಿಟ್ಟ, ಏಜೆಂಟ್ ಫೋನ್ ಎತ್ತಲಿಲ್ಲ ಅಂದರೆ ನಿಮ್ಮದೇ ಅಂಗಡಿಯ ಫೋನ್ ನಂಬರ್ ಬದಲಾಯಿಸಲು ನೀವು ಬೇರೆಯವರನ್ನು ಕೇಳಿಕೊಳ್ಳಬೇಕಾಗುತ್ತದೆ. ನಿಮ್ಮ ಹೆಸರಲ್ಲೇ ಜಿಮೇಲ್ ಮಾಡಿ, ಪಾಸ್‌ವರ್ಡ್ ಬರೆದಿಡಿ, ಪಾಸ್‌ವರ್ಡ್ ಮರೆತರೆ ಮತ್ತೆ ಲಾಗಿನ್ ಆಗಲು ಕೇಳುವ ರಿಕವರಿ ನಂಬರ್ ಆಗಿ ನಿಮ್ಮ ನಂಬರನ್ನೇ ಕೊಡಿ. ಆಮೇಲೆ ಸಹಾಯ ಮಾಡುವವರನ್ನು ಮ್ಯಾನೇಜರ್ ಅಂತ ಸೇರಿಸಿಕೊಳ್ಳಿ. ಮ್ಯಾನೇಜರ್ ಆದವರು ಫೋಟೋ ಹಾಕಬಹುದು, ರಿವ್ಯೂಗೆ ಉತ್ತರ ಕೊಡಬಹುದು, ಆದರೆ ನಿಮ್ಮನ್ನು ಹೊರಗೆ ಹಾಕಲು ಆಗುವುದಿಲ್ಲ.

ಹೊಸದಾಗಿ ಸೇರಿಸುವ ಮುಂಚೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹುಡುಕಿ ನೋಡಿ. ಯಾರೋ ಗಿರಾಕಿ ಆಗಲೇ ಸೇರಿಸಿರಬಹುದು. ಇದ್ದರೆ ಎರಡನೆಯದು ಮಾಡಬೇಡಿ, ಅದರಲ್ಲೇ ಇದು ನಿಮ್ಮ ವ್ಯಾಪಾರವೇ ಅಂತ ಕೇಳುವ ಲಿಂಕ್ ಇರುತ್ತದೆ, ಅದನ್ನು ಒತ್ತಿ. ಬೇರೆ ಯಾರದೋ ಕೈಯಲ್ಲಿದೆ ಅಂತ ತೋರಿಸಿದರೆ ಅಲ್ಲಿಂದಲೇ ಮಾಲೀಕತ್ವ ಕೇಳಬಹುದು. ಅವರಿಗೆ ಉತ್ತರ ಕೊಡಲು ಕೆಲವು ದಿನ ಟೈಮ್ ಇರುತ್ತದೆ, ಕೊಡದಿದ್ದರೆ ನೀವೇ ಪಡೆಯುವ ದಾರಿ ಸಿಗಬಹುದು.

ಹೆಸರು ಬೋರ್ಡ್ ಮೇಲೆ ಇರುವ ಹಾಗೇ ಇರಬೇಕು. ಬೋರ್ಡಲ್ಲಿ "ಶ್ರೀ ಲಕ್ಷ್ಮಿ ಟೈಲರ್ಸ್" ಅಂತಿದ್ದರೆ ಅಷ್ಟೇ ಬರೆಯಿರಿ. ಅದರ ಮುಂದೆ "ದಾವಣಗೆರೆಯ ಬೆಸ್ಟ್ ಬ್ಲೌಸ್ ಡಿಸೈನ್" ಅಂತೆಲ್ಲ ಸೇರಿಸಿದರೆ ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನೇ ಅಮಾನತು ಮಾಡಬಹುದು. ಏನು ಕೆಲಸ ಮಾಡುತ್ತೀರಿ ಅನ್ನುವುದನ್ನು ಹೇಳಲು ಕೆಟಗರಿ ಇದೆ. ಮುಖ್ಯ ಕೆಟಗರಿ ಒಂದು, ಅದರ ಜೊತೆ ಇನ್ನೂ 9 ಸೇರಿಸಬಹುದು. ಆದರೆ ಮಾಡದೇ ಇರುವ ಕೆಲಸ ಹಾಕಬೇಡಿ. ತಿಂಡಿ ಹೋಟೆಲ್ ಇಟ್ಟಿರುವವರು ಇಲ್ಲಿ ಸ್ವಲ್ಪ ಹುಷಾರು. ನಮ್ಮ ಕಡೆ ಇಡ್ಲಿ ಸಿಗುವ ಜಾಗಕ್ಕೂ ಹೋಟೆಲ್ ಅಂತೀವಿ, ಗೂಗಲ್‌ಗೆ ಹೋಟೆಲ್ ಅಂದರೆ ರೂಮ್ ಕೊಡುವ ಲಾಡ್ಜ್. ನೀವು ರೆಸ್ಟೋರೆಂಟ್ ಅಂತ ಆರಿಸಿಕೊಳ್ಳಬೇಕು.

ಇನ್ನು ವಿಳಾಸ. ಬೆಂಗಳೂರಿನಲ್ಲಿ ಪ್ರತಿ ಬಡಾವಣೆಗೂ ಒಂದು 2ನೇ ಮೇನ್, 3ನೇ ಕ್ರಾಸ್ ಇದೆ ಅಲ್ವಾ, ಹಾಗಾಗಿ ಬಡಾವಣೆ ಹೆಸರು, ಪಿನ್‌ಕೋಡ್ ಸರಿಯಾಗಿ ಬರೆಯಿರಿ. ಬರೆದರೂ ಮ್ಯಾಪಿನ ಕೆಂಪು ಪಿನ್ ಹಿಂದಿನ ರಸ್ತೆಗೆ ಹೋಗಿ ಕೂರಬಹುದು. ಸ್ಯಾಟಲೈಟ್ ಚಿತ್ರ ಹಾಕಿ, ದೊಡ್ಡದು ಮಾಡಿ, ನಿಮ್ಮ ಕಟ್ಟಡದ ಚಾವಣಿ ಗುರುತು ಹಿಡಿದು, ಗಿರಾಕಿ ಒಳಗೆ ಬರುವ ಬಾಗಿಲು ಯಾವ ಕಡೆ ಇದೆಯೋ ಅಲ್ಲಿಗೇ ಪಿನ್ ಎಳೆಯಿರಿ. ಇದೊಂದು ಸರಿಯಾದರೆ "ಹತ್ತಿರಾನೇ ಇದ್ದೀನಿ, ಅಂಗಡಿ ಕಾಣ್ತಿಲ್ಲ" ಅನ್ನೋ ಫೋನ್ ಎಷ್ಟೋ ಕಮ್ಮಿ ಆಗುತ್ತದೆ. ಪ್ಲಂಬರ್, ಎಲೆಕ್ಟ್ರಿಷಿಯನ್, ಮನೆಯಿಂದಲೇ ಕೇಕ್ ಮಾಡಿ ತಲುಪಿಸುವವರು ಮನೆ ವಿಳಾಸ ತೋರಿಸಬೇಕಿಲ್ಲ. ವಿಳಾಸ ಮುಚ್ಚಿಟ್ಟು ನೀವು ಹೋಗುವ ಏರಿಯಾಗಳನ್ನು ಮಾತ್ರ ಹಾಕಿ, 20ರವರೆಗೆ ಹಾಕಬಹುದು.

ಈಗ ವೆರಿಫಿಕೇಶನ್, ಅಂದರೆ ಅಂಗಡಿ ನಿಜವಾಗಿ ನಿಮ್ಮದೇ ಅಂತ ಗೂಗಲ್‌ಗೆ ತೋರಿಸಿಕೊಡುವುದು. ಜನ ಜಾಸ್ತಿ ಒದ್ದಾಡುವುದೇ ಇಲ್ಲಿ. ಯಾವ ದಾರಿ ಅಂತ ಗೂಗಲ್ಲೇ ನಿರ್ಧರಿಸುತ್ತದೆ, ಕೆಲವರಿಗೆ ಫೋನಿಗೆ ಕೋಡ್ ಬರುತ್ತದೆ, ಇನ್ನು ಕೆಲವರಿಗೆ ವಿಡಿಯೋ ಕೇಳುತ್ತದೆ. ವಿಡಿಯೋ ಅಂದರೆ ಮೂರು ವಿಷಯ ತೋರಿಸಬೇಕು: ಅಂಗಡಿ ಅಲ್ಲೇ ಇದೆ, ವ್ಯಾಪಾರ ನಿಜವಾಗಿ ನಡೆಯುತ್ತಿದೆ, ನಡೆಸುತ್ತಿರುವವರು ನೀವೇ. ಕಟ್ ಮಾಡದೆ, ಎಡಿಟ್ ಮಾಡದೆ, ಕನಿಷ್ಠ 30 ಸೆಕೆಂಡ್ ಇರಬೇಕು. ಹೀಗೆ ಮಾಡಿ: ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಫೋನ್ ಹಿಡಿದು ರಸ್ತೆಯಲ್ಲಿ ನಿಂತುಕೊಳ್ಳಿ. ರಸ್ತೆ ಹೆಸರಿನ ಫಲಕ, ಪಕ್ಕದ ಅಂಗಡಿಗಳ ಬೋರ್ಡ್ ತೋರಿಸಿ ನಿಧಾನಕ್ಕೆ ನಿಮ್ಮ ಬೋರ್ಡ್ ಕಡೆ ಬನ್ನಿ. ಬೀಗ ತೆಗೆದು ಶಟರ್ ಎತ್ತುವುದು ಕಾಣಬೇಕು, ಕೀ ಇರುವುದು ನಿಮ್ಮ ಹತ್ತಿರ ಅನ್ನುವುದಕ್ಕೆ ಅದೇ ಸಾಕ್ಷಿ. ಒಳಗೆ ಹೋಗಿ ಹೊಲಿಗೆ ಮಷಿನ್, ತೂಗುಹಾಕಿದ ಬ್ಲೌಸ್‌ಗಳನ್ನು ತೋರಿಸಿ, ಗಲ್ಲಾಪೆಟ್ಟಿಗೆ ತೆರೆಯಿರಿ, ಗೋಡೆಯ ಮೇಲಿನ ಟ್ರೇಡ್ ಲೈಸೆನ್ಸ್ ಓದಲು ಬರುವಷ್ಟು ಹತ್ತಿರ ಹೋಗಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತೋರಿಸುವುದು ಬೇಡ. ಗಿರಾಕಿಗಳ ಮುಖವೂ ಬೇಡ. ಉತ್ತರ ಬರಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಹೆಸರು, ವಿಳಾಸ ಬದಲಾಯಿಸುತ್ತಾ ಕೂರಬೇಡಿ.

ವೇಳೆ ಹಾಕುವಾಗ ನಿಜ ಹೇಳಿ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ಮತ್ತೆ ತೆಗೆಯುವವರು ದಿನಕ್ಕೆ ಎರಡು ವೇಳೆ ಹಾಕಬಹುದು. ಯುಗಾದಿ, ಊರ ಜಾತ್ರೆ, ಅಮಾವಾಸ್ಯೆ ಅಂತ ರಜೆ ಮಾಡುವ ದಿನಗಳಿಗೆ ವಿಶೇಷ ವೇಳೆ ಅಂತ ಬೇರೆಯೇ ಜಾಗವಿದೆ. ಮ್ಯಾಪ್‌ನಲ್ಲಿ ತೆರೆದಿದೆ ಅಂತ ನೋಡಿ ಬಿಸಿಲಲ್ಲಿ ಬಂದವರು ಮುಚ್ಚಿದ ಶಟರ್ ನೋಡಿಕೊಂಡು ಹೋದರೆ ಮತ್ತೆ ಬರುವುದು ಕಷ್ಟ.

ವಿವರಣೆಗೆ 750 ಅಕ್ಷರ ಸಿಗುತ್ತದೆ. ಕನ್ನಡದಲ್ಲೇ ಬರೆಯಿರಿ, ಆಫರ್ ಮತ್ತು ಲಿಂಕ್ ಮಾತ್ರ ಹಾಕುವಂತಿಲ್ಲ. ಫೋಟೋ ನೀವೇ ಹಗಲಿನ ಬೆಳಕಲ್ಲಿ ತೆಗೆಯಿರಿ, ಇಂಟರ್ನೆಟ್‌ನಿಂದ ಎತ್ತಬೇಡಿ. ಬೋರ್ಡ್ ಕಾಣುವ ಒಂದು ಫೋಟೋ ಇರಲೇಬೇಕು.

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಗೂಗಲ್ ಹೇಳುವುದು ಮೂರೇ: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಇರುವ ಹೊಂದಾಣಿಕೆ, ದೂರ, ಮತ್ತು ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ ಅನ್ನುವುದು. ದೂರ ನಿಮ್ಮ ಕೈಯಲ್ಲಿಲ್ಲ. ಹೆಸರುವಾಸಿ ಆಗಲು ರಿವ್ಯೂ ಸಹಾಯ ಮಾಡುತ್ತದೆ. ಪ್ರೊಫೈಲ್‌ನಲ್ಲೇ ರಿವ್ಯೂ ಕೇಳುವ ಲಿಂಕ್ ಮತ್ತು ಕ್ಯೂಆರ್ ಕೋಡ್ ಸಿಗುತ್ತದೆ, ಪ್ರಿಂಟ್ ಹಾಕಿಸಿ ಗಲ್ಲಾ ಹತ್ತಿರ ಅಂಟಿಸಿ. ರಿವ್ಯೂ ಬರೆದರೆ ಡಿಸ್ಕೌಂಟ್ ಅನ್ನಬೇಡಿ, ಅದಕ್ಕೆ ಅವಕಾಶವಿಲ್ಲ. ಯಾರಾದರೂ ಬೈದು ಬರೆದರೆ ಅವತ್ತೇ ಜಗಳಕ್ಕೆ ಹೋಗದೆ, ಮಾರನೇ ದಿನ ಎರಡು ಸಾಲಲ್ಲಿ ಏನಾಯಿತು, ಏನು ಸರಿಮಾಡಿದಿರಿ ಅಂತ ಬರೆಯಿರಿ. ಹೊಸ ಗಿರಾಕಿಗಳು ಆ ಉತ್ತರವನ್ನೂ ಓದುತ್ತಾರೆ.

ಮುಂದೆ ಅದೇ ಊರಲ್ಲಿ ಅಂಗಡಿ ಬೇರೆ ಕಡೆ ಹೋದರೆ ಹೊಸ ಪ್ರೊಫೈಲ್ ಮಾಡಬೇಡಿ. ಇರುವುದರಲ್ಲೇ ವಿಳಾಸ ಬದಲಾಯಿಸಿ, ಪಿನ್ ಎಳೆಯಿರಿ. ಮತ್ತೆ ವೆರಿಫೈ ಮಾಡಲು ಕೇಳಬಹುದು, ಮಾಡಿ. ಹಳೆಯ ರಿವ್ಯೂಗಳನ್ನು ಜೊತೆಯಲ್ಲೇ ಕರೆದುಕೊಂಡು ಹೋಗಲು ಇದೇ ಸರಿಯಾದ ದಾರಿ.